ಕಾಫಿಯ ಹೆಸರು ಹಿಡಿದು ಹೋದವರು

ಏರ್ಕಾಡಿನಲ್ಲಿ ಕಾಫಿ ಬೇರೂರಿದ್ದು 1820ರ ದಶಕದಲ್ಲಿ. ಸೇಲಂ ಕಲೆಕ್ಟರ್ ಎಂ.ಡಿ. ಕಾಕ್‌ಬರ್ನ್ ಗ್ರೇಂಜ್ ಎಸ್ಟೇಟಿನಲ್ಲಿ ಗಿಡ ನೆಡಿಸಿದ. ಅದಕ್ಕೂ ಒಂದೂವರೆ ಶತಮಾನ ಮೊದಲೇ ಬಾಬಾಬುಡನ್ ಮೋಕಾದಿಂದ ಏಳು ಬೀಜ ತಂದು ಚಂದ್ರದ್ರೋಣದಲ್ಲಿ ಬಿತ್ತಿದರೆಂಬುದು ಚಿಕ್ಕಮಗಳೂರಿನವರ ನಂಬಿಕೆ. ಬೀಜವೇನೋ ಯೆಮನ್‌ನಿಂದ ನೇರವಾಗಿ ಬಂತು. ಹೆಸರು ಯುರೋಪನ್ನು ಸುತ್ತಿ ಬಂತು. ಅರಬ್ಬಿಯ ‘ಕಹ್ವ’ ಬೀಜದ ಜೊತೆಯಲ್ಲೇ ಇಳಿದಿದ್ದರೆ ನಮ್ಮ ಬಾಯಲ್ಲಿ ‘ಫ’ಕಾರಕ್ಕೆ ಕೆಲಸವಿರುತ್ತಿರಲಿಲ್ಲ. ನಮ್ಮ ‘ಕಾಫಿ’ ಇಂಗ್ಲಿಷರಿಂದ ಬಂದದ್ದು, ಹಳ್ಳಿಯ ‘ಕಾಪಿ’ಯೂ ಅದೇ.

ಯುರೋಪಿಗಾದರೂ ಆ ಹೆಸರು ಎಲ್ಲಿಂದ ಬಂತು? ಜರ್ಮನಿಯ ವೈದ್ಯ ಲಿಯೊನ್‌ಹಾರ್ಡ್ ರೌವುಲ್ಫ್ ಅಲೆಪ್ಪೊದಲ್ಲಿ ಜನ ಕುಡಿಯುತ್ತಿದ್ದ ಕಪ್ಪು ಪಾನೀಯದ ಹೆಸರನ್ನು 1582ರಲ್ಲಿ ಅಚ್ಚು ಮಾಡಿಸಿದ. ಗೋವೆಯಲ್ಲಿದ್ದು ಹೋದ ಡಚ್ಚರ ಲಿನ್ಸ್‌ಹೋಟೆನ್‌ನ ಪ್ರವಾಸಕಥನ 1598ರಲ್ಲಿ ಇಂಗ್ಲಿಷಿಗೆ ಬಂದಾಗ ಅದರ ಟಿಪ್ಪಣಿಯೊಂದರಲ್ಲಿ ‘ಚಾವುಅ’ ಎಂಬ ರೂಪ ಕಾಣಿಸಿತು. ಆಮೇಲೆ ಕಥೆಗಳ ಕಾಲ. ಕಾಫಿ ಹಣ್ಣು ತಿಂದು ಕುಣಿದಾಡಿದ ಮೇಕೆಗಳ ಕಥೆಯನ್ನು ರೋಮಿನಲ್ಲಿ ನೈರೋನಿ 1671ರಲ್ಲಿ ಬರೆದ. ಹೆಚ್ಚು ನೆಚ್ಚಬಹುದಾದ ಕೆಲಸ ಆಂಟ್ವಾನ್ ಗಲಾನ್‌ನದು. ‘ಸಾವಿರದ ಒಂದು ರಾತ್ರಿಗಳ’ನ್ನು ಫ್ರೆಂಚಿಗೆ ತಂದ ಈತ 1699ರಲ್ಲಿ ಅರಬ್ಬಿ ಹಸ್ತಪ್ರತಿಯೊಂದನ್ನೇ ಆಧರಿಸಿ ಕಾಫಿಯ ಚರಿತ್ರೆ ಬರೆದ.

ಅರಬ್ಬಿ ನಿಘಂಟುಕಾರರ ಪ್ರಕಾರ ‘ಕಹ್ವ’ ಮೊದಲು ಮದ್ಯದ ಹೆಸರು. ಹಸಿವು ಅಡಗಿಸುವುದು ಎಂಬ ಧಾತುವಿನಿಂದ ಹುಟ್ಟಿದ್ದು. ಹಾಗಲ್ಲ, ಇಥಿಯೋಪಿಯಾದ ಕಾಫಾ ಸೀಮೆಯಿಂದಲೇ ಬಂತು ಎನ್ನುವವರೂ ಇದ್ದರು. ಕೇಳಲು ಚೆಂದ, ಆಧಾರ ಮಾತ್ರ ಇಲ್ಲ. ಆಕ್ಸ್‌ಫರ್ಡ್ ನಿಘಂಟಿನ ಜೇಮ್ಸ್ ಮರ್ರೆ ಎತ್ತಿದ ಆಕ್ಷೇಪ ನೇರವಾಗಿದೆ: ಗಿಡಕ್ಕೂ ಬೀಜಕ್ಕೂ ಅರಬ್ಬಿಯಲ್ಲಿ ‘ಬುನ್ನ್’ ಎನ್ನುತ್ತಾರೆ, ‘ಕಹ್ವ’ ಕುಡಿಯುವ ಕಷಾಯಕ್ಕಷ್ಟೇ ಹೆಸರು.

1909ರಲ್ಲಿ ಲಂಡನ್ನಿನ ‘ನೋಟ್ಸ್ ಅಂಡ್ ಕ್ವೆರೀಸ್’ ಪತ್ರಿಕೆಯಲ್ಲಿ ಈ ಚರ್ಚೆ ಮತ್ತೆ ಎದ್ದಿತು. ಯುರೋಪು ಈ ಪದದ ಒಂದು ರೂಪವನ್ನು ತುರ್ಕಿಯ ‘ಕಹ್ವೆ’ಯಿಂದಲ್ಲ, ನೇರವಾಗಿ ಅರಬ್ಬಿಯಿಂದಲೇ ಪಡೆಯಿತು ಎಂದು ಕರ್ನಲ್ ಪ್ರಿಡೋ ಬರೆದ. ‘ಹ್ವ’ ಹೇಗೆ ಒಂದು ಕಡೆ ‘ಫ’, ಇನ್ನೊಂದು ಕಡೆ ‘ವ’ ಆಯಿತೆಂದು ಬಿಡಿಸಿ ಹೇಳಲು ಮುಂದಾದವರು ವೀರೇಂದ್ರನಾಥ ಚಟ್ಟೋಪಾಧ್ಯಾಯ. ಸರೋಜಿನಿ ನಾಯ್ಡು ಅವರ ತಮ್ಮ. ನಮ್ಮ ಮಂಗಳೂರಿನ ಕಮಲಾದೇವಿ ಆಮೇಲೆ ಸೊಸೆಯಾಗಿ ಸೇರಿದ್ದು ಇದೇ ಮನೆಗೆ. ಬ್ರಿಟಿಷರ ಕಣ್ಣಿಗೆ ಬಿದ್ದಿದ್ದ ಕ್ರಾಂತಿಕಾರಿ ಕಾಫಿಯ ಹಕಾರದ ಬಗ್ಗೆ ತಲೆ ಕೆಡಿಸಿಕೊಂಡಿದ್ದು ಸೋಜಿಗವೇ. ಹಕಾರ ಕೆಲವು ಭಾಷೆಗಳಲ್ಲಿ ಕೇಳಿಸುತ್ತದೆ, ಕೆಲವುಗಳಲ್ಲಿ ಕೇಳಿಸುವುದೇ ಇಲ್ಲ. ಹೆಚ್ಚಿನ ಯುರೋಪಿಯನ್ನರು ಅದನ್ನು ನುಂಗಿಬಿಡುತ್ತಾರೆ ಎಂಬುದು ಅವರ ವಾದ. ಇಟಲಿಯ ‘ಕಫ್ಫೆ’, ಡಚ್ಚರ ‘ಕೊಫಿ’ ಒಂದು ಸಾಲಿಗೆ, ಪೋಲಿಷ್ ‘ಕಾವಾ’, ಹಂಗೇರಿಯ ‘ಕಾವೇ’ ಇನ್ನೊಂದು ಸಾಲಿಗೆ ಬೀಳುವುದನ್ನು ನೋಡಿದರೆ ಆ ಪ್ರಶ್ನೆಯ ತೂಕ ತಿಳಿಯುತ್ತದೆ.

1986ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಆಲನ್ ಕೇ ‘ಕಹ್ವ’ದ ಮೂಲಾರ್ಥವನ್ನು ಕಪ್ಪುಬಣ್ಣದ ಕಡೆಗೆ ತಿರುಗಿಸಿದರು. ಅದೂ ಕೊನೆಯ ತೀರ್ಪಲ್ಲ.

ಅರ್ಥವೂ ಒಂದೆಡೆ ನಿಲ್ಲಲಿಲ್ಲ. ಫ್ರೆಂಚಿನಲ್ಲಿ ‘ಕಫೇ’ ಎಂದರೆ ಪಾನೀಯ, ಅದನ್ನು ಕುಡಿಯುವ ಅಂಗಡಿಯೂ ಹೌದು. ತುರ್ಕಿಯಲ್ಲಿ ಕಂದು ಬಣ್ಣಕ್ಕೆ ಕಾಫಿಯದೇ ಹೆಸರು. ಭಾರತದಲ್ಲಿ ಮೂಲ ಅರಬ್ಬಿ ಹೆಸರಿಗೆ ಹತ್ತಿರವಾದದ್ದು ಕಾಶ್ಮೀರದ ‘ಕಹ್ವಾ’. ಅಲ್ಲಿ ಬಟ್ಟಲಲ್ಲಿರುವುದು ಕೇಸರಿ ಹಾಕಿದ ಹಸಿರು ಚಹಾ.