ಕನ್ನಡ ಓದನ್ನು ಅಳೆದ ಬಗೆ: ಕಾಮತರಿಂದ ನಿಪುಣ್ ಗುರಿಗಳವರೆಗೆ

ಶಾಲೆಗಳು ಈಗ ಪರೀಕ್ಷೆಗಳನ್ನು ಕೊಳ್ಳುವ ಕಾಲ ಬಂದಿದೆ. ಮಗು ಮೊಬೈಲಿನ ಮುಂದೆ ಒಂದು ನಿಮಿಷ ಓದಿದರೆ ಸಾಕು, ಇಡೀ ತರಗತಿ ಕೆಂಪು, ಹಳದಿ, ಹಸಿರು ಬಣ್ಣಗಳಲ್ಲಿ ವಿಂಗಡಣೆಯಾಗಿ ಮುಖ್ಯೋಪಾಧ್ಯಾಯರ ಮೇಜಿಗೆ ಬರುತ್ತದೆ ಎಂಬ ಭರವಸೆಯನ್ನು ಆಡಳಿತ ಮಂಡಳಿಗಳು ನಂಬತೊಡಗಿವೆ. ಇದರ ಜೊತೆಗೆ ಇನ್ನೊಂದು ಮಾತೂ ಕಾರ್ಯಾಗಾರಗಳಲ್ಲಿ ಓಡಾಡುತ್ತಿದೆ: ಮಕ್ಕಳ ಓದನ್ನು ವೈಜ್ಞಾನಿಕವಾಗಿ ಗಮನಿಸುವ ಕೆಲಸ ಕನ್ನಡದಲ್ಲಿ ನಡೆದೇ ಇರಲಿಲ್ಲ, ಹೊರಗಿನ ಸಾಧನಗಳು ಈಗ ಆ ಕೊರತೆ ತುಂಬುತ್ತಿವೆ ಎಂದು. ಡಯಟ್ ತರಬೇತಿಗಳಲ್ಲಿ ಬಹುಕಾಲ ಇದೇ ವಿಷಯದ ಮೇಲೆ ಕೆಲಸ ಮಾಡಿದವನಾಗಿ ಈ ಮಾತನ್ನು ಒಪ್ಪಲು ನನಗೆ ಸಾಧ್ಯವಿಲ್ಲ. ಕೆಲಸ ನಡೆದಿದೆ. ಅದು ತರಗತಿಗೆ ತಲುಪಲಿಲ್ಲ, ಅಷ್ಟೆ.

ಆರಂಭದ ಹಂತವನ್ನು ಬೇಗ ಹೇಳಿ ಮುಗಿಸಬಹುದು. ಫ್ರಾನ್ಸಿನ ಬಿನೆ–ಸೈಮನ್ ಪರೀಕ್ಷೆಯನ್ನು ವಿ.ವಿ. ಕಾಮತರು 1930ರ ದಶಕದಲ್ಲಿ ಮುಂಬಯಿ-ಕರ್ನಾಟಕದ ಮಕ್ಕಳಿಗಾಗಿ ಕನ್ನಡ ಮತ್ತು ಮರಾಠಿಗೆ ಒಗ್ಗಿಸಿದರು. ಬಿನೆ–ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ದಶಕಗಳ ಕಾಲ ಬಳಕೆಯಲ್ಲಿತ್ತು. ಅದು ಬುದ್ಧಿಶಕ್ತಿಯ ಅಳತೆ, ಓದಿನದಲ್ಲ. ಆದರೂ ನಮ್ಮ ಮಕ್ಕಳ ಮೇಲೆ ನಮ್ಮ ಭಾಷೆಯಲ್ಲೇ ಪ್ರಯೋಗಿಸಿ ಮಾನಕ ಕಟ್ಟಬೇಕು ಎಂಬ ಪಾಠ ಅಲ್ಲೇ ಇತ್ತು. 1960ರ ದಶಕದಲ್ಲಿ ಮೈಸೂರಿಗೆ ಪ್ರಾದೇಶಿಕ ಶಿಕ್ಷಣ ಸಂಸ್ಥೆ, ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಭಾರತೀಯ ಭಾಷಾ ಸಂಸ್ಥಾನ ಮೂರೂ ಬಂದವು. 1991ರ ಹೊತ್ತಿಗೆ ಕನಿಷ್ಠ ಕಲಿಕಾ ಮಟ್ಟಗಳ ಪಟ್ಟಿ ಬಂತು. 1994ರಿಂದ ಡಿ.ಪಿ.ಇ.ಪಿ. ಜಿಲ್ಲೆಗಳಲ್ಲಿ ಬುನಾದಿ ಸಮೀಕ್ಷೆಗಳು ನಡೆದವು. ಸಮೀಕ್ಷೆಯ ವರದಿಗಳು ರಾಜಧಾನಿಗೆ ಹೋದವು; ಪರೀಕ್ಷೆ ಬರೆದ ಮಗುವಿನ ಮೇಷ್ಟರಿಗೆ ಅದರಿಂದ ಏನೂ ಮರಳಿ ಬರಲಿಲ್ಲ.

ಆ ಮೇಷ್ಟರ ಕೈಗೇ ಅಳತೆ ಸಿಕ್ಕಿದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡು ಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ನಲಿ-ಕಲಿಯನ್ನು ರೂಪಿಸಿದರು. ಅದನ್ನು ಹಾಡು-ಕುಣಿತದ ಪದ್ಧತಿ ಎಂದಷ್ಟೇ ನೆನೆಯುವವರು ಅದರ ಅರ್ಧವನ್ನು ಮಾತ್ರ ಕಂಡಿದ್ದಾರೆ. ನಲಿ-ಕಲಿಯ ಒಡಲಲ್ಲಿದ್ದದ್ದು ಕಲಿಕಾ ಏಣಿ. ವರ್ಣಮಾಲೆಯ ಕ್ರಮ ಬಿಟ್ಟು ರ, ಗ, ಸ, ದ, ಅ ಎಂದು ಶುರುವಾಗುವ ಅಕ್ಷರಗಳ ಸಾಲು. ಐದಾರು ಅಕ್ಷರ ಬಂದ ಕೂಡಲೇ ಮಗು ‘ಅರಸ’, ‘ಗರಗಸ’ ಓದಬಲ್ಲದು. ಒಂದೊಂದು ಮೈಲಿಗಲ್ಲಿನಲ್ಲೂ ಪರಿಚಯ, ಅಭ್ಯಾಸ, ಮೌಲ್ಯಮಾಪನ, ಆಮೇಲೆ ಬೇಕಾದವರಿಗೆ ಪರಿಹಾರದ ಕಾರ್ಡು. ಮೌಲ್ಯಮಾಪನದ ಮೆಟ್ಟಿಲು ದಾಟದೆ ಮುಂದಿನ ಮೈಲಿಗಲ್ಲಿಗೆ ದಾರಿಯಿಲ್ಲ. ಮಗು ಕೂರುವ ತಟ್ಟೆಯೇ, ಅಂದರೆ ಶಿಕ್ಷಕರ ಪೂರ್ಣ ಬೆಂಬಲದ ಗುಂಪಿನಿಂದ ಸ್ವಕಲಿಕೆಯ ಗುಂಪಿನವರೆಗಿನ ಅದರ ಜಾಗವೇ, ಆ ಹೊತ್ತಿಗೆ ಅದಕ್ಕೆ ಎಷ್ಟು ನೆರವು ಬೇಕು ಎಂಬುದನ್ನು ಹೇಳುತ್ತಿತ್ತು. ಗೋಡೆಯ ಪ್ರಗತಿ ನೋಟದಲ್ಲಿ ಪ್ರತಿಯೊಂದು ಹೆಸರಿನ ಮುಂದೆ ಗುರುತು ಎಲ್ಲಿಯವರೆಗೆ ಬಂದಿದೆ ಎಂಬುದು ಶಿಕ್ಷಕಿಗೂ ಕಾಣುತ್ತಿತ್ತು, ಮಗುವಿಗೂ ಕಾಣುತ್ತಿತ್ತು. ಇಂದು ‘ಪ್ರಗತಿಯ ನಿಗಾ’ ಎಂದು ದುಡ್ಡು ಕೊಟ್ಟು ತರಿಸುವುದರ ತಿರುಳು ಇದೇ: ಕಲಿಸಿದ್ದನ್ನೇ, ಕಲಿಸಿದವರೇ, ಆಗಾಗ ಸ್ವಲ್ಪ ಸ್ವಲ್ಪವಾಗಿ ನೋಡುವುದು, ನೋಡಿದ್ದರ ಮೇಲೆ ನಾಳೆಯ ಪಾಠವನ್ನು ಬದಲಿಸುವುದು.

2009-10ರಲ್ಲಿ ನಲಿ-ಕಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹರಡಿತು. ಹರಡಿದಂತೆ ತೆಳುವೂ ಆಯಿತು. ಹಲವು ಕಡೆ ಪ್ರಗತಿ ನೋಟ ಸಿ.ಆರ್.ಪಿ. ಭೇಟಿಯ ಹಿಂದಿನ ದಿನ ತುಂಬುವ ಹಾಳೆಯಾಯಿತು. ಏಣಿಯಲ್ಲಿ ನಿಜವಾದ ಒಂದು ಕೊರತೆಯೂ ಇತ್ತು. ಎರಡನೇ ತರಗತಿಯ ನವೆಂಬರಿನಲ್ಲಿ ಮಗು ಯಾವ ಮೈಲಿಗಲ್ಲಿನಲ್ಲಿದ್ದರೆ ಚಿಂತಿಸಬೇಕು ಎಂಬುದಕ್ಕೆ ಮಾನಕ ಕಟ್ಟಿರಲಿಲ್ಲ. ಪ್ರತಿ ಮಗುವೂ ತನ್ನ ವೇಗದಲ್ಲಿ ಕಲಿಯಲಿ ಎಂಬ ಒಳ್ಳೆಯ ತತ್ವ, ತೀರಾ ಹಿಂದೆ ಉಳಿದ ಮಗುವನ್ನು ಬೇಗ ಗುರುತಿಸುವ ಹೊಣೆಯನ್ನು ಮರೆಸಿಬಿಟ್ಟಿತು. ಏಣಿಗೆ ಮಾನಕ ಕಟ್ಟುವ ಕೆಲಸ ಎರಡು ವರ್ಷದ ಸಂಶೋಧನೆಯಲ್ಲಿ ಮುಗಿಯುವಂಥದ್ದು. ಅದನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ.

ಅದಕ್ಕೆ ಬೇಕಾದ ತಿಳಿವಳಿಕೆ ಮಾತ್ರ ಅದೇ ವರ್ಷಗಳಲ್ಲಿ ಮೈಸೂರು, ಬೆಂಗಳೂರುಗಳಲ್ಲಿ ಸಿದ್ಧವಾಗುತ್ತಿತ್ತು. ಪ್ರತಿಭಾ ಕಾರಂತ, ಪಿ. ಪ್ರಕಾಶ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಒಂದು ಮುಖ್ಯ ಸಂಗತಿ ತೋರಿಸಿದರು. ಪದದಿಂದ ಒಂದು ಧ್ವನಿಯನ್ನು ಕಿತ್ತು ಉಳಿದದ್ದನ್ನು ಹೇಳುವ ಕೆಲಸದಲ್ಲಿ ಕನ್ನಡ ಮಾತ್ರ ಓದುವ ಮಕ್ಕಳು ಸೋಲುತ್ತಾರೆ, ಆದರೆ ಚೆನ್ನಾಗಿಯೇ ಓದುತ್ತಾರೆ. ಇಂಗ್ಲಿಷಿನಲ್ಲಿ ಓದಿನ ತೊಂದರೆಯ ಮೊದಲ ಸುಳಿವು ಎಂದು ಎಣಿಸುವ ಪರೀಕ್ಷೆ ಕನ್ನಡದ ಆರಂಭದ ತರಗತಿಗಳಲ್ಲಿ ಅದೇ ಅರ್ಥ ಕೊಡುವುದಿಲ್ಲ ಎಂದಾಯಿತು. ವಾಕ್ ಶ್ರವಣ ಸಂಸ್ಥೆಯಲ್ಲಿ ಕೆ.ಎಸ್. ಪ್ರೇಮಾ ಕನ್ನಡ ಓದಿನ ಬೆಳವಣಿಗೆಯನ್ನೇ ಗುರಿಯಾಗಿಟ್ಟ ಪರೀಕ್ಷಾಮಾಲೆಯೊಂದನ್ನು 1997ರ ಸಂಶೋಧನೆಯಲ್ಲಿ ಕಟ್ಟಿದರು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ಒಂದನೇ ತರಗತಿಯ ಪ್ರತಿ ಶಿಕ್ಷಕಿ ಓದಬೇಕಾದದ್ದು. ಇಂಗ್ಲಿಷಿನ ಮಗು 26 ಅಕ್ಷರಗಳನ್ನು ಒಂದು ವರ್ಷದಲ್ಲಿ ಕಲಿತು ಮುಗಿಸಬಹುದು. ಗುಣಿತ, ಒತ್ತು ಸೇರಿ ನೂರಾರು ರೂಪಗಳಿರುವ ಕನ್ನಡದಲ್ಲಿ ಅಕ್ಷರ ಕಲಿಕೆ ನಾಲ್ಕನೇ ತರಗತಿಯವರೆಗೂ ಮುಂದುವರಿಯುತ್ತದೆ.

ಇದು ತರಗತಿಯಲ್ಲಿ ಹೇಗೆ ಕಾಣುತ್ತದೆ ನೋಡಿ. ‘ಕೊಕ್ಕರೆ’ಯನ್ನು ‘ಕೊಕರೆ’ ಎನ್ನುವ ಮಗು ಒತ್ತನ್ನು ಕಂಡಿಲ್ಲ. ‘ಅಕ್ಕ’ ಓದಿ ‘ಭಕ್ತಿ’ಯಲ್ಲಿ ನಿಲ್ಲುವ ಮಗುವಿಗೆ ಸಜಾತಿ ಒತ್ತು ಬಂದಿದೆ, ವಿಜಾತಿ ಬಂದಿಲ್ಲ. ‘ಸೂರ್ಯ’ದಲ್ಲಿ ಯಕಾರವನ್ನು ಮೊದಲು ಹೇಳಿ ತಡವರಿಸುವ ಮಗುವಿಗೆ ತೊಡಕಾಗಿರುವುದು ಅರ್ಕಾವೊತ್ತು, ಏಕೆಂದರೆ ಬಾಯಲ್ಲಿ ಮೊದಲು ಬರುವ ರಕಾರ ಬರಹದಲ್ಲಿ ಆಮೇಲೆ ಬರುತ್ತದೆ. ‘ಹೊಲ’ವನ್ನು ‘ಹೋಲ’ ಎನ್ನುವವಳಿಗೆ ಬೇಕಾದದ್ದು ಹ್ರಸ್ವ-ದೀರ್ಘದ ಅಭ್ಯಾಸ. ನಾಲ್ವರಿಗೂ ಬೇಕಾದ ಪರಿಹಾರ ಬೋಧನೆ ಬೇರೆ ಬೇರೆ. ನಾಲ್ವರನ್ನೂ ‘ಪದ ಮಟ್ಟ’ ಎಂಬ ಒಂದೇ ಖಾನೆಗೆ ಹಾಕುವ ಪರೀಕ್ಷೆಯಿಂದ ಶಿಕ್ಷಕಿಗೆ ಆಗುವ ಉಪಯೋಗ ಕಡಿಮೆ.

ಆ ಖಾನೆಗಳು ಬಂದದ್ದು ಸಮೀಕ್ಷೆಗಳ ದಶಕದಿಂದ. ಈಶಾನ್ಯ ಕರ್ನಾಟಕದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ಕಲಿಕಾ ಖಾತರಿ ಕಾರ್ಯಕ್ರಮ ನಡೆಯಿತು. ಪ್ರಥಮ್ ಸಂಸ್ಥೆಯ ಅಸರ್ 2005ರಲ್ಲಿ ಮನೆ ಬಾಗಿಲಿಗೆ ಹೋಯಿತು. ರಾಜ್ಯ ಸರ್ಕಾರ ಶಾಲಾ ಗುಣಮಟ್ಟ ಮೌಲ್ಯಾಂಕನಕ್ಕೆ ತನ್ನದೇ ಸಂಸ್ಥೆ ಮಾಡಿಕೊಂಡಿತು. ಅಸರ್ ಮಾಡಿದ ಉಪಕಾರ ದೊಡ್ಡದು: ಶಾಲೆಗೆ ಹೋಗುವುದೂ ಕಲಿಯುವುದೂ ಒಂದೇ ಅಲ್ಲವೆಂಬುದನ್ನು ದೇಶಕ್ಕೆ ಅಂಕಿಗಳಲ್ಲಿ ತೋರಿಸಿತು. ಆದರೆ ಅದರ ಲೆಕ್ಕ ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆಯದು. ಅಕ್ಷರ, ಪದ, ಪ್ಯಾರಾ, ಕಥೆ ಎಂಬ ಅದರ ಮಟ್ಟಗಳು ಜಿಲ್ಲೆಯ ಸ್ಥಿತಿ ಹೇಳಲು ಸಾಕು. ಅದೇ ಹಾಳೆಯಿಂದ ಒಂದು ಮಗುವಿನ ತಿಂಗಳ ಪ್ರಗತಿ ಅಳೆಯಹೊರಟರೆ, ಹೋಬಳಿಯ ಮಳೆಮಾಪಕ ನೋಡಿ ಒಂದು ಗದ್ದೆಯ ತೇವ ಹೇಳಿದಂತಾಗುತ್ತದೆ. ಪದದಿಂದ ಪ್ಯಾರಾಕ್ಕೆ ಏರಲು ಒಂದು ಮಗುವಿಗೆ ಆರು ತಿಂಗಳು ಬೇಕಾಗಬಹುದು. ಆ ಆರೂ ತಿಂಗಳು ಹಾಳೆ ‘ಬದಲಾವಣೆ ಇಲ್ಲ’ ಎನ್ನುತ್ತದೆ, ಮಗು ಮಾತ್ರ ಅಷ್ಟರಲ್ಲಿ ಐವತ್ತು ಒತ್ತಕ್ಷರ ಕಲಿತಿರುತ್ತದೆ.

ಈಗಿನ ಮೋಹ ನಿಮಿಷಕ್ಕೆ ಎಷ್ಟು ಪದ ಎಂಬುದು. ಇದರ ಮೂಲ ಗೌರವಾರ್ಹ. ಮಿನ್ನೆಸೋಟ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಡಿನೊ 1970ರ ದಶಕದ ಕೊನೆಯಿಂದ ವಿಶೇಷ ಶಿಕ್ಷಣದ ಶಿಕ್ಷಕರಿಗಾಗಿ ಪಠ್ಯ ಆಧಾರಿತ ಅಳತೆಯನ್ನು ರೂಪಿಸಿದರು. ವಾರಕ್ಕೊಮ್ಮೆ ಒಂದೇ ಕಷ್ಟದ ಬೇರೆ ಬೇರೆ ಭಾಗಗಳನ್ನು ಒಂದು ನಿಮಿಷ ಓದಿಸಿ, ಸರಿಯಾಗಿ ಓದಿದ ಪದಗಳನ್ನು ಗ್ರಾಫಿನಲ್ಲಿ ಗುರುತಿಸುವುದು. ಗೆರೆ ಮೇಲೇರದಿದ್ದರೆ ಮಗುವನ್ನು ದೂರದೆ ಬೋಧನೆಯನ್ನು ಬದಲಿಸುವುದು. ಒರೆಗಾನ್‌ನಲ್ಲಿ ಅದು ಡಿಬೆಲ್ಸ್ ಆಯಿತು. 2006ರಿಂದ ಇಗ್ರಾ ಎಂಬ ಹೆಸರಿನಲ್ಲಿ ಬಡ ದೇಶಗಳಿಗೆ ಹೋಯಿತು. 2021ರ ಜುಲೈಯಲ್ಲಿ ನಿಪುಣ್ ಭಾರತ್ ಆರಂಭವಾದಾಗ, ಮೂರನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ ಎಂಬ ಒಂದೇ ಗುರಿ ಎಲ್ಲ ಭಾಷೆಗಳಿಗೂ ಬಂತು. ದಾರಿಯಲ್ಲಿ ಉಳಿದದ್ದು ಸಂಖ್ಯೆ. ಬೋಧನೆ ಬದಲಿಸಬೇಕೆಂಬ ಡಿನೊ ಅವರ ಮೂಲ ಮಾತು ಬಿದ್ದುಹೋಯಿತು.

ಕನ್ನಡದಲ್ಲಿ ‘ಮನೆ’ ಒಂದು ಪದ. ‘ಓದಿಸುತ್ತಿದ್ದಳಂತೆ’ ಕೂಡ ಒಂದೇ ಪದ: ಏಳು ಅಕ್ಷರ, ಅವುಗಳಲ್ಲಿ ಎರಡು ಒತ್ತಕ್ಷರ, ಒಂದು ಅನುಸ್ವಾರ. ಯಾವ ಭಾಗವನ್ನು ಆರಿಸಿದಿರಿ ಎನ್ನುವುದರ ಮೇಲೆ ಅದೇ ಮಗು 30 ಪದವನ್ನೂ ಓದಬಹುದು, 55ನ್ನೂ ಓದಬಹುದು. ಎನ್.ಸಿ.ಇ.ಆರ್.ಟಿ. ಈ ತೊಡಕನ್ನು ಅರಿತೇ 2022ರ ಬುನಾದಿ ಕಲಿಕಾ ಅಧ್ಯಯನವನ್ನು 20 ಭಾಷೆಗಳಲ್ಲಿ ನಡೆಸಿ, ಪ್ರತಿ ಭಾಷೆಗೂ ಬೇರೆ ಮಾನದಂಡ ಗೊತ್ತುಪಡಿಸಲು ಹೊರಟಿತು. ಅದು ಸರಿಯಾದ ಹೆಜ್ಜೆ. ಇದಾದ ಮೇಲೂ ಬೇರೆ ಭಾಷೆಯ ಗುರಿಯನ್ನೇ ಕನ್ನಡ ಪಠ್ಯದ ಮೇಲಿಟ್ಟು ಸಾಧನ ಮಾರುವವರಿಂದ ಶಾಲೆಗಳು ಮೂರು ಉತ್ತರ ಕೇಳಿ ಪಡೆಯಬೇಕು. ನಿಮ್ಮ ಅಳತೆ ಪದದ್ದೋ, ಅಕ್ಷರದ್ದೋ? ವರ್ಷದಲ್ಲಿ ಹಲವು ಸಲ ಬಳಸಲು ಸಮಾನ ಕಷ್ಟದ ಎಷ್ಟು ಓದು-ಭಾಗಗಳಿವೆ, ಅವು ಸಮಾನವೆಂದು ಯಾರು, ಯಾವ ಮಕ್ಕಳ ಮೇಲೆ ಪರೀಕ್ಷಿಸಿದರು? ಕೆಂಪು ಬಣ್ಣಕ್ಕೆ ಗೆರೆ ಎಳೆದದ್ದು ಯಾವ ಆಧಾರದ ಮೇಲೆ?

ಗೆರೆಯ ವಿಚಾರದಲ್ಲಿ ಸರಳ ಲೆಕ್ಕವೊಂದನ್ನು ಮಾಡಿಯೇ ನೋಡಬೇಕು. ನೂರು ಮಕ್ಕಳಲ್ಲಿ ಹತ್ತು ಮಂದಿಗೆ ನಿಜವಾದ ಓದಿನ ತೊಂದರೆ ಇದೆ ಎನ್ನೋಣ. ತೊಂದರೆ ಇರುವವರನ್ನೂ ಇಲ್ಲದವರನ್ನೂ ನೂರಕ್ಕೆ ಎಂಬತ್ತು ಸಲ ಸರಿಯಾಗಿ ಗುರುತಿಸುವ ಸಾಧನವನ್ನು ಬಳಸಿದರೆ, ಹತ್ತರಲ್ಲಿ ಎಂಟು ಮಕ್ಕಳು ಸಿಗುತ್ತಾರೆ, ಇಬ್ಬರು ತಪ್ಪಿಸಿಕೊಳ್ಳುತ್ತಾರೆ. ಉಳಿದ ತೊಂಬತ್ತರಲ್ಲಿ ಹದಿನೆಂಟು ಮಂದಿಯ ಹೆಸರೂ ಕೆಂಪು ಪಟ್ಟಿಗೆ ಸೇರುತ್ತದೆ. ಅಂದರೆ ಪಟ್ಟಿಯ 26 ಹೆಸರುಗಳಲ್ಲಿ ನಿಜವಾದವು ಎಂಟು. ಮುಂದೆ ಇನ್ನೊಂದು ಸುತ್ತಿನ ಸೂಕ್ಷ್ಮ ಪರೀಕ್ಷೆ ಇದ್ದರೆ ಇದು ದೋಷವಲ್ಲ, ಜರಡಿಯ ಸ್ವಭಾವವೇ ಇದು. ಆದರೆ ಪಟ್ಟಿ ಬಂದ ದಿನವೇ ಪೋಷಕರನ್ನು ಕರೆಸಿ ‘ನಿಮ್ಮ ಮಗುವಿಗೆ ಡಿಸ್ಲೆಕ್ಸಿಯಾ’ ಎಂದರೆ ಹದಿನೆಂಟು ಮನೆಗಳಲ್ಲಿ ಕಾರಣವಿಲ್ಲದೆ ಕಣ್ಣೀರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ತೊಂದರೆಯನ್ನು ಒಳಗೊಂಡ ಮೇಲೆ ಈ ಎಚ್ಚರ ಇನ್ನಷ್ಟು ಬೇಕಾಗಿದೆ, ಏಕೆಂದರೆ ಈಗ ಆ ಹಣೆಪಟ್ಟಿಗೆ ಕಾನೂನಿನ ತೂಕವಿದೆ. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದ ‘ಡಾಲಿ’ ಎಂಬ ಡಿಸ್ಲೆಕ್ಸಿಯಾ ಪರೀಕ್ಷಾ ಸಾಧನ ಈ ವಿಷಯದಲ್ಲಿ ಶಿಸ್ತು ತೋರಿಸಿದೆ. ಅದರಲ್ಲಿ ಶಿಕ್ಷಕರು ಗಮನಿಸಿ ತುಂಬುವ ಜರಡಿ ಬೇರೆ, ತಜ್ಞರು ನಡೆಸುವ ಪರೀಕ್ಷೆ ಬೇರೆ. ಅದು ಬಂದ ಮೊದಲ ಭಾಷೆಗಳಲ್ಲಿ ಕನ್ನಡವೂ ಒಂದು. ಎಷ್ಟೋ ಶಾಲೆಗಳಿಗೆ ಅದರ ಹೆಸರೇ ತಿಳಿದಿಲ್ಲ.

ಇಷ್ಟರ ನಡುವೆ ನಮ್ಮ ಸಾರ್ವಜನಿಕ ಚರ್ಚೆಯನ್ನೆಲ್ಲ ನುಂಗಿದ್ದು ಐದು, ಎಂಟನೇ ತರಗತಿಗಳ ಮಂಡಳಿ ಪರೀಕ್ಷೆ. 2023 ಮತ್ತು 2024ರಲ್ಲಿ ಅದು ಹೈಕೋರ್ಟು, ಸುಪ್ರೀಂ ಕೋರ್ಟುಗಳ ಮೆಟ್ಟಿಲೇರಿತು. ಮಾರ್ಚಿನಲ್ಲಿ ನಡೆಯುವ ಪರೀಕ್ಷೆ ಆ ವರ್ಷದ ಬೋಧನೆಗೆ ಹೇಗೂ ನೆರವಾಗದು. ಜೂನಿನಲ್ಲಿ ಶಾಲೆ ತೆರೆದಾಗ ನಡೆಯುವ ಸೇತುಬಂಧದ ನೈದಾನಿಕ ಪರೀಕ್ಷೆ ಮತ್ತು ಸಾಫಲ್ಯ ಪರೀಕ್ಷೆಗಳಿಗೆ ಆ ಗಮನದ ಹತ್ತರಲ್ಲೊಂದು ಪಾಲು ಸಿಕ್ಕಿದ್ದರೂ ಸಾಕಿತ್ತು. ಪ್ರಶ್ನೆಪತ್ರಿಕೆ ನಮ್ಮದು, ಶಿಕ್ಷಕರಿಗೆ ಅಭ್ಯಾಸವಾದದ್ದು, ಸಮಯವೂ ಸರಿಯಾದದ್ದು. ಅದು ಬಹುಪಾಲು ಬರವಣಿಗೆಯ ಪರೀಕ್ಷೆ, ಒಬ್ಬೊಬ್ಬರನ್ನೇ ಕೂರಿಸಿ ಓದಿಸುವುದು ಕಡಿಮೆ ಎಂಬುದೇ ದೋಷ. ಅಲ್ಲಿ ಐದು ನಿಮಿಷದ ಓದು ಸೇರಿಸಿ, ಒತ್ತು, ಗುಣಿತ, ಅರ್ಕಾವೊತ್ತುಗಳ ತಪ್ಪು ಬರೆದುಕೊಳ್ಳಲು ಒಂದು ಹಾಳೆ ಕೊಟ್ಟರೆ ಅದೇ ರಾಜ್ಯದ ಜರಡಿಯಾಗುತ್ತದೆ.

ಇನ್ನೂ ಆಗದೆ ಉಳಿದ ಕೆಲಸ ಬಹಳ ಇದೆ. ಒಂದರಿಂದ ಐದನೇ ತರಗತಿಯವರೆಗೆ ತಿಂಗಳಿಗೊಂದರಂತೆ ಬಳಸಬಹುದಾದ, ಕಷ್ಟ ಸಮಾನವೆಂದು ಪರೀಕ್ಷಿಸಿದ ಕನ್ನಡ ಓದು-ಭಾಗಗಳು ಶಿಕ್ಷಕರ ಕೈಗೆ ಉಚಿತವಾಗಿ ಸಿಗಬೇಕು. ಮೈಸೂರಿನ ಪರೀಕ್ಷಾಮಾಲೆಗಳು ಗ್ರಂಥಾಲಯದ ಪ್ರಬಂಧಗಳಿಂದ ಹೊರಬಂದು ಕನ್ನಡದ ಕೈಪಿಡಿಗಳಾಗಬೇಕು. ಮೈಸೂರಿನ ಮಕ್ಕಳ ಮೇಲೆ ಕಟ್ಟಿದ ಮಾನಕ ಕಲಬುರಗಿ, ಬೀದರ್, ಕಾರವಾರದ ಮಕ್ಕಳಿಗೂ ಹೊಂದುತ್ತದೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಮೊದಲು, ಮನೆಯಲ್ಲಿ ಲಂಬಾಣಿ, ತುಳು, ಕೊಂಕಣಿ, ಕೊಡವ, ಉರ್ದು ಆಡಿ ಶಾಲೆಯಲ್ಲಿ ಕನ್ನಡ ಓದುವ ಮಕ್ಕಳಿಗೆ ಪ್ರತ್ಯೇಕ ಮಾನಕ ಬೇಕು. ತಾಂಡಾದಿಂದ ಬಂದ ಎರಡನೇ ತರಗತಿಯ ಹುಡುಗಿ ತಡವರಿಸಿದರೆ ಅದು ಓದಿನ ತೊಂದರೆಯೋ, ಹೊಸ ಭಾಷೆಗೆ ಒಗ್ಗಿಕೊಳ್ಳುವ ಕಾಲವೋ ಎಂದು ಬಿಡಿಸಿ ಹೇಳುವ ಸಾಧನವನ್ನು ಡಿ.ಎಸ್.ಇ.ಆರ್.ಟಿ. ಮತ್ತು ಮೈಸೂರಿನ ಮೂರು ಸಂಸ್ಥೆಗಳು ಕೂಡಿ ಕಟ್ಟಬಹುದು. ಅದಕ್ಕೆ ಬೇಕಾದ ಭಾಷಾಜ್ಞಾನ, ವಾಕ್ ವಿಜ್ಞಾನ, ಶಿಕ್ಷಕ ತರಬೇತಿ ಮೂರೂ ಒಂದೇ ಊರಿನಲ್ಲಿ ಅರ್ಧ ಶತಮಾನದಿಂದ ಇವೆ.