ನಗರದ ಬಾವಿಯಲ್ಲಿ ಸಿಕ್ಕ ಸಾವಿರ ರಾಕೆಟ್: ಅವನ್ನ ಬಡಿದವರು ಯಾರು?

ಇವತ್ತಿನ ಎಪಿಸೋಡ್ ಕಬ್ಬಿಣದ ಬಗ್ಗೆ. ಸರಿಯಾಗಿ ಹೇಳ್ಬೇಕಂದ್ರೆ, ಕಬ್ಬಿಣವನ್ನ ಕಾಯಿಸಿ, ಬಡಿದು, ಬಗ್ಗಿಸಿ ಒಂದು ಆಕಾರಕ್ಕೆ ತರೋ ವಿದ್ಯೆಯ ಬಗ್ಗೆ. ಇಂಗ್ಲಿಷ್‌ನಲ್ಲಿ ಇದಕ್ಕೆ ಫೋರ್ಜಿಂಗ್ ಅಂತಾರೆ. ನಮ್ಮ ಮಲೆನಾಡಲ್ಲಿ ಇದು ಕುಲುಮೆ ಕೆಲಸ.

2018ರ ಜುಲೈ. ಹೊಸನಗರ ತಾಲ್ಲೂಕಿನ ನಗರ ಅನ್ನೋ ಊರು. ಹಳೇ ಹೆಸರು ಬಿದನೂರು. ಅಲ್ಲೊಂದು ಪಾಳುಬಿದ್ದ ತೆರೆದ ಬಾವಿ, ಅದರ ಮಣ್ಣಲ್ಲಿ ಮದ್ದಿನ ವಾಸನೆ. ರಾಜ್ಯ ಪುರಾತತ್ವ ಇಲಾಖೆಯ ತಂಡ ಮೂರು ದಿನ ಅಗೆಯಿತು. ಸಿಕ್ಕಿದ್ದು ಒಂದು ಸಾವಿರಕ್ಕೂ ಹೆಚ್ಚು ರಾಕೆಟ್! ಒಂದೊಂದೂ 23ರಿಂದ 26 ಸೆಂಟಿಮೀಟರ್ ಉದ್ದದ, ತುಕ್ಕು ಹಿಡಿದ ಕಬ್ಬಿಣದ ಕೊಳವೆ. ಅದಕ್ಕೂ ಮೊದಲು, 2002ರಲ್ಲಿ, ಅದೇ ಊರಿನ ಬಾವಿಯಲ್ಲಿ ನೂರಕ್ಕೂ ಹೆಚ್ಚು ಸಿಕ್ಕಿದ್ದವು. ಯುದ್ಧಕ್ಕೆ ಬೇಕಾಗುತ್ತೆ ಅಂತ ಟಿಪ್ಪುವಿನ ಕಾಲದಲ್ಲಿ ಕೂಡಿಟ್ಟ ಸರಕು ಇದು ಅನ್ನೋದು ಇಲಾಖೆಯ ಅಭಿಪ್ರಾಯ.

ಸುದ್ದಿ ದೇಶವಿದೇಶಗಳಲ್ಲಿ ಓಡಾಡಿತು. ಟಿಪ್ಪು ಹೆಸರು ಬಂದ್ಮೇಲೆ ಕೇಳಬೇಕಾ, ಕಾಮೆಂಟ್ ಬಾಕ್ಸ್ ಎರಡು ಪಾಲಾಯಿತು. ಅರ್ಧ ಜನ ಹೊಗಳಿದರು, ಅರ್ಧ ಜನ ಬೈದರು. ಆದರೆ ಆ ಕೊಳವೆಗಳನ್ನ ಬಡಿದವರು ಯಾರು ಅಂತ ಕೇಳಿದವರು ಕಡಿಮೆ. ಇವತ್ತು ನಾವು ಕೇಳೋಣ.

ಮೊದಲು ಊರಿನ ಕಥೆ. ಕೆಳದಿ ಇರೋದು ಈಗಿನ ಸಾಗರ ತಾಲ್ಲೂಕಿನಲ್ಲಿ. ಕೆಳದಿ ನಾಯಕರ ರಾಜಧಾನಿ ಅಲ್ಲಿಂದ ಇಕ್ಕೇರಿಗೆ, ಇಕ್ಕೇರಿಯಿಂದ 17ನೇ ಶತಮಾನದಲ್ಲಿ ಬಿದನೂರಿಗೆ ಬಂತು. ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ ಅವರ ಗಟ್ಟಿ ಕೋಟೆಗಳಲ್ಲಿ ಒಂದು. 1763ರಲ್ಲಿ ಹೈದರ್ ಅಲಿ ಬಿದನೂರನ್ನ ಗೆದ್ದ. ರಾಣಿ ವೀರಮ್ಮಾಜಿ ಸೆರೆಯಾದಳು. ಊರಿಗೆ ಹೈದರ್‌ನಗರ ಅಂತ ಹೆಸರಾಯಿತು, ಬಾಯಿಂದ ಬಾಯಿಗೆ ಸವೆದು ಬರೀ 'ನಗರ' ಉಳಿಯಿತು. ಹೈದರ್ ಅಲ್ಲಿ ಟಂಕಸಾಲೆ ನಡೆಸಿದ, ತನ್ನ ಮುಖ್ಯ ಆಯುಧಾಗಾರವನ್ನೂ ಇಟ್ಟ. 1783ರಲ್ಲಿ ಬ್ರಿಟಿಷರು ಕೋಟೆ ಹಿಡಿದರು, ಕೆಲವೇ ತಿಂಗಳಲ್ಲಿ ಟಿಪ್ಪು ವಾಪಸ್ ಕಿತ್ತುಕೊಂಡ.

ಅಂದ್ರೆ ನಗರದವರ ಪಾಲಿಗೆ ಈ ರಾಕೆಟ್ ಬರೀ ಹೆಮ್ಮೆಯ ವಸ್ತು ಅಲ್ಲ. ತಮ್ಮ ಸ್ವಂತ ಅರಸುಮನೆ ಮುಳುಗಿದ ಮೇಲೆ, ಗೆದ್ದವನ ಆಯುಧಾಗಾರದಲ್ಲಿದ್ದ ವಸ್ತು ಅದು. ಆಳುವವರು ಬದಲಾದರು. ಆದರೆ ಯಾರೇ ಆಳಲಿ, ಕತ್ತಿ ಬೇಕು, ಲಾಳ ಬೇಕು, ನೇಗಿಲ ಗುಳ ಬೇಕು. ಹಾಗಾಗಿ ಕುಲುಮೆಯ ಬೆಂಕಿ ಆರೋದಿಲ್ಲ.

ಈಗ ರಾಕೆಟ್‌ಗೆ ಬರೋಣ. ರಾಕೆಟ್ ಹೊಸದೇನಲ್ಲ. ಚೀನಾದಲ್ಲಿತ್ತು, ಯುರೋಪಿನಲ್ಲಿತ್ತು, ನಮ್ಮಲ್ಲಿ ಬಾಣಬಿರುಸು ಇತ್ತು. ಆದರೆ ಯುರೋಪಿನಲ್ಲಿ ಆಗ ರಾಕೆಟ್ ಅಂದ್ರೆ ಹೆಚ್ಚಾಗಿ ಕಾಗದದ ಇಲ್ಲವೇ ರಟ್ಟಿನ ಕೊಳವೆ, ನಮ್ಮ ದೀಪಾವಳಿ ರಾಕೆಟ್ ಇದೆಯಲ್ಲ, ಆ ಥರ. ಮೈಸೂರಿನ ರಾಕೆಟ್‌ನಲ್ಲಿ ಕೊಳವೆ ಕಬ್ಬಿಣದ್ದು. ವ್ಯತ್ಯಾಸ ಇಷ್ಟೇ. ಆದರೆ ಇಷ್ಟರಲ್ಲೇ ಎಲ್ಲಾ ಇದೆ.

ಯಾಕೆ? ಮದ್ದು ಉರಿದಾಗ ಒಳಗೆ ಅನಿಲದ ಒತ್ತಡ ಏರುತ್ತೆ. ಆ ಅನಿಲ ಹಿಂದಿನ ತೂತಿನಿಂದ ನುಗ್ಗಿದಷ್ಟೂ ರಾಕೆಟ್ ಮುಂದಕ್ಕೆ ಹೋಗುತ್ತೆ. ಒತ್ತಡ ಜಾಸ್ತಿ ಆದರೆ ಕಾಗದ ಸಿಡಿದುಹೋಗುತ್ತೆ, ಕಬ್ಬಿಣ ತಡೆಯುತ್ತೆ. ಹಾಗಾಗಿ ಮದ್ದನ್ನ ಇನ್ನಷ್ಟು ಒತ್ತಿ ತುಂಬಬಹುದು, ಇನ್ನಷ್ಟು ದೂರ ಹಾರಿಸಬಹುದು. ಮೈಸೂರಿನ ರಾಕೆಟ್‌ಗಳು ಸುಮಾರು ಒಂದು ಕಿಲೋಮೀಟರ್, ಕೆಲವು ಅದಕ್ಕೂ ದೂರ ಹೋಗ್ತಿದ್ದವು. 1985ರಲ್ಲಿ ವಿಜ್ಞಾನಿ ರೊದ್ದಂ ನರಸಿಂಹ ಮೈಸೂರು ಮತ್ತು ಬ್ರಿಟನ್‌ನ ರಾಕೆಟ್‌ಗಳ ಚರಿತ್ರೆಯನ್ನ ಹೋಲಿಸಿ ಬರೆದಾಗ ಒತ್ತಿ ಹೇಳಿದ್ದೂ ಈ ಕಬ್ಬಿಣದ ಕವಚದ ಮಾತನ್ನೇ.

ಕಬ್ಬಿಣ ಹಾಕಿದರೆ ಆಯ್ತಲ್ಲ ಅಂತೀರಾ? ಅಷ್ಟು ಸುಲಭ ಇಲ್ಲ. ಕೊಳವೆ ದಪ್ಪ ಆದರೆ ಭಾರ, ಹಾರೋದಿಲ್ಲ. ತೆಳ್ಳಗಾದರೆ ಸಿಡಿಯುತ್ತೆ, ಹಾರಿಸಿದವನ ಕೈಯೇ ಹೋಗುತ್ತೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಆಯ್ತೋ, ತೆಳು ಇದ್ದಲ್ಲೇ ಬಿರಿಯುತ್ತೆ. ಅಂದ್ರೆ ಉದ್ದಕ್ಕೂ ಒಂದೇ ದಪ್ಪ ಇರಬೇಕು. ಯಂತ್ರ ಇಲ್ಲ, ಅಳತೆಗೆ ಡಿಜಿಟಲ್ ಕ್ಯಾಲಿಪರ್ ಇಲ್ಲ. ಇರೋದು ತಿದಿ, ಇದ್ದಿಲು, ಅಡಿಗಲ್ಲು, ಇಕ್ಕುಳ, ಸುತ್ತಿಗೆ. ಜೊತೆಗೆ ಕಣ್ಣು.

ಆ ಕಾಲದ ಕಬ್ಬಿಣ ಕರಗಿಸಿ ಎರಕ ಹೊಯ್ದದ್ದಲ್ಲ, ಬಡಿದು ಮಾಡಿದ ಮೆದು ಕಬ್ಬಿಣ. ಅದಿರನ್ನ ಇದ್ದಿಲಿನ ಜೊತೆ ಕಾಯಿಸಿದರೆ ಸ್ಪಂಜಿನ ಥರದ ಒಂದು ಉಂಡೆ ಬರುತ್ತೆ, ತುಂಬಾ ಕಿಟ್ಟ ಸೇರಿರುತ್ತೆ. ಅದನ್ನ ಮತ್ತೆ ಮತ್ತೆ ಕಾಯಿಸಿ ಬಡಿದಾಗ ಕಿಟ್ಟ ಹೊರಬೀಳುತ್ತೆ. ಒಳಗೆ ಉಳಿದ ಚೂರುಪಾರು ಕಿಟ್ಟ ಬಿದಿರಿನ ನಾರಿನ ಹಾಗೆ ಉದ್ದಕ್ಕೆ ಎಳೆಯುತ್ತೆ. ಆ ನಾರು ಯಾವ ದಿಕ್ಕಿಗಿದೆ ಅನ್ನೋದರ ಮೇಲೆ ತಗಡಿನ ಬಲ ನಿಂತಿರುತ್ತೆ. ತಗಡನ್ನ ಕೊಳವೆಯಾಗಿ ಬಗ್ಗಿಸಿದ ಮೇಲೆ ಎರಡು ಅಂಚು ಕೂಡೋ ಜಾಗ ಇದೆಯಲ್ಲ, ಅದೇ ಅತಿ ದುರ್ಬಲ ಜಾಗ. ಬೆಂಕಿಯಲ್ಲಿ ಬೆಸೆಯೋದಾದರೆ ಕಬ್ಬಿಣ ಬೆಳ್ಳಗೆ ಕಾಯಬೇಕು. ಸ್ವಲ್ಪ ಕಡಿಮೆಯಾದರೆ ಅಂಟಲ್ಲ, ಜಾಸ್ತಿಯಾದರೆ ಸುಟ್ಟುಹೋಗುತ್ತೆ. 'ಹದ' ಅನ್ನೋ ಪದದ ಪೂರ್ತಿ ಅರ್ಥ ಗೊತ್ತಾಗಬೇಕಂದ್ರೆ ಕುಲುಮೆಯ ಮುಂದೆ ನಿಲ್ಲಬೇಕು.

ನಾನು ಕಾಮರ್ಸ್ ಓದಿದವನು. ಲೋಹಶಾಸ್ತ್ರಕ್ಕಿಂತ ಸ್ಟಾಕ್ ಲೆಕ್ಕ ನನಗೆ ಬೇಗ ಅರ್ಥ ಆಗುತ್ತೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಬ್ರಿಟಿಷರಿಗೆ ಅಲ್ಲಿ ಸಿಕ್ಕಿದ್ದು ಉಡಾಯಿಸಲು ಸಿದ್ಧವಿದ್ದ 700 ರಾಕೆಟ್, 9,000 ಖಾಲಿ ಕೊಳವೆ. ಈ ಎರಡು ಅಂಕಿಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ತಯಾರಾದ ಮಾಲು 700, ಅರ್ಧ ಆದ ಮಾಲು 9,000. ಮದ್ದು ತೇವ ಹೀರುತ್ತೆ, ತುಂಬಿಟ್ಟರೆ ಕೆಡುತ್ತೆ. ಕೊಳವೆ ಹಾಗಲ್ಲ. ಅದನ್ನ ಬಡಿಯೋದಕ್ಕೇ ಹೊತ್ತು ಹಿಡಿಯೋದು. ಹಾಗಾಗಿ ನನ್ನ ಲೆಕ್ಕದಲ್ಲಿ, ಕಮ್ಮಾರರು ಮೊದಲೇ ಬಡಿದು ರಾಶಿ ಹಾಕಿಡ್ತಿದ್ದರು, ಯುದ್ಧ ಹತ್ತಿರ ಬಂದಾಗ ಮದ್ದು ತುಂಬ್ತಿದ್ದರು. ಇದು ಯಾರೋ ಒಬ್ಬರ ಕೈಚಳಕ ಅಲ್ಲ, ಒಂದೇ ಅಳತೆಯ ವಸ್ತುವನ್ನ ಸಾವಿರಗಟ್ಟಲೆ ಮಾಡೋ ಉತ್ಪಾದನಾ ವ್ಯವಸ್ಥೆ.

ಆಮೇಲೇನಾಯ್ತು? ಮೈಸೂರಿನ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ವಿಲಿಯಂ ಕಾಂಗ್ರೀವ್ 1804ರ ಸುಮಾರಿಗೆ ವೂಲ್ವಿಚ್‌ನಲ್ಲಿ ಪ್ರಯೋಗ ಶುರುಮಾಡಿದ. 1806ರಲ್ಲಿ ಬೂಲೋನ್ ಮೇಲೆ, 1807ರಲ್ಲಿ ಕೋಪನ್‌ಹೇಗನ್ ಮೇಲೆ ಅವನ ರಾಕೆಟ್ ಬಿದ್ದವು. ಅವು 'ಕಾಂಗ್ರೀವ್ ರಾಕೆಟ್' ಅಂತಲೇ ಪ್ರಸಿದ್ಧವಾದವು. ಅವನು ಅಳತೆ ಬರೆದಿಟ್ಟ, ಚಿತ್ರ ಬರೆದಿಟ್ಟ, ಪುಸ್ತಕ ಪ್ರಕಟಿಸಿದ. ನಮ್ಮ ಕಡೆಯೂ ಬರಹ ಇಲ್ಲ ಅಂತಲ್ಲ. ಟಿಪ್ಪುವಿನ 'ಫತುಲ್ ಮುಜಾಹಿದೀನ್' ಅನ್ನೋ ಸೇನಾ ಕೈಪಿಡಿಯಲ್ಲಿ ರಾಕೆಟ್ ಪಡೆಗೆ ಜಾಗ ಇತ್ತು. ಆದರೆ ಹಾರಿಸುವವನು ದಾಖಲೆಗೆ ಬಂದ, ಬಡಿಯುವವನು ಬರಲಿಲ್ಲ. ಅವನ ವಿದ್ಯೆ ಅಪ್ಪನ ಕೈಯಿಂದ ಮಗನ ಕೈಗೆ ಹೋಗ್ತಿತ್ತು, ಕಾಗದಕ್ಕೆ ಇಳಿಯಲಿಲ್ಲ.

ಇವತ್ತು ಇದೇ ಕೆಲಸ ಮಾಡೋರಿಗೆ ರಿಸರ್ಚ್ ಇಂಜಿನಿಯರ್ ಅಂತೀವಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಪ್ರೊಫೆಸರ್ ವೈ.ವಿ.ಆರ್.ಕೆ. ಪ್ರಸಾದ್ ಮತ್ತು ಸಂಗಡಿಗರು ಲೋಹಗಳಿಗೆ 'ಪ್ರೊಸೆಸಿಂಗ್ ಮ್ಯಾಪ್' ಮಾಡಿದರು. ಯಾವ ಲೋಹವನ್ನ ಎಷ್ಟು ಬಿಸಿಯಲ್ಲಿ, ಎಷ್ಟು ವೇಗವಾಗಿ ಒತ್ತಿದರೆ ಬಿರುಕು ಬಿಡದೆ ಆಕಾರಕ್ಕೆ ಬರುತ್ತೆ ಅಂತ ತೋರಿಸೋ ನಕ್ಷೆ ಅದು. ಕೆಂಪು, ಕಿತ್ತಳೆ, ಬಿಳಿ ಅಂತ ಬಣ್ಣ ನೋಡಿ, 'ಹೂಂ, ಈಗ ಹೊಡಿ' ಅಂತ ಹೇಳ್ತಿದ್ದ ಆಚಾರ್ರ ತಲೆಯಲ್ಲಿ ಇದ್ದದ್ದೂ ಇಂಥದ್ದೇ ಒಂದು ನಕ್ಷೆ. ಇಸ್ರೋದ ಪಿಎಸ್‌ಎಲ್‌ವಿ ಇದೆಯಲ್ಲ, ಅದರ ಮೊದಲ ಹಂತದ ಮೋಟರಿನ ಕವಚ 2.8 ಮೀಟರ್ ವ್ಯಾಸದ ಮರೇಜಿಂಗ್ ಸ್ಟೀಲ್. ಉಕ್ಕು ಬೇರೆ, ಗಾತ್ರ ಬೇರೆ. ಆದರೆ ಚಿಂತೆ ಹಳೆಯದೇ: ಗೋಡೆ ತೆಳ್ಳಗಿರಬೇಕು, ಒಂದೇ ದಪ್ಪ ಇರಬೇಕು, ಬೆಸುಗೆ ಬಿಡಬಾರದು.

ಈಗ ಒಂದು ಪ್ರಶ್ನೆ ನಿಮಗೆ. ತೀರ್ಥಹಳ್ಳಿಯಲ್ಲಿ ಪರಶುರಾಮ ಕೊಡಲಿ ತೊಳೆದ ಅಂತ ಕಥೆ ಇದೆ, ಅಲ್ಲಿನ ರಾಮತೀರ್ಥಕ್ಕೆ ಜನ ಹೋಗಿ ಮೀಯ್ತಾರೆ. ಕೊಡಲಿ ಹಿಡಿದವನ ಹೆಸರು ಗೊತ್ತು, ತೊಳೆದ ಜಾಗ ಗೊತ್ತು. ಕೊಡಲಿ ಬಡಿದವನು? ಕಥೆಯಲ್ಲೂ ಇಲ್ಲ, ಚರಿತ್ರೆಯಲ್ಲೂ ಇಲ್ಲ.

ನಗರದ ರಾಕೆಟ್‌ಗಳು ಶಿವಮೊಗ್ಗದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿವೆ. ಆದರೆ ಮಣ್ಣಲ್ಲಿದ್ದ ಕಬ್ಬಿಣ ಹೊರಗಿನ ಗಾಳಿಗೆ ಬಂದ ಮೇಲೆ ತುಕ್ಕು ಇನ್ನೂ ಬೇಗ ತಿನ್ನುತ್ತೆ, ಅದರಲ್ಲೂ ನಮ್ಮ ಮಳೆಗಾಲದ ಗಾಳಿಗೆ. ಬಾವಿಯಿಂದ ಎತ್ತಿದರೆ ಕೆಲಸ ಮುಗೀಲಿಲ್ಲ, ಕಾಪಾಡೋ ಕೆಲಸ ಅಲ್ಲಿಂದ ಶುರು. ಆ ಕೊಳವೆಗಳ ಗೋಡೆ, ಬೆಸುಗೆ, ಸುತ್ತಿಗೆಯ ಗುರುತು, ಇವೇ ಆ ಕಮ್ಮಾರರು ಬಿಟ್ಟುಹೋದ ಬರಹ. ಅವರ ಸಹಿ ಅಂತ ಉಳಿದಿರೋದು ಅಷ್ಟೇ. ತುಕ್ಕು ಅದನ್ನ ತಿಂದರೆ ಇನ್ನೊಂದು ಪ್ರತಿ ಇಲ್ಲ.

ಅಡಿಕೆ ಸುಲಿಯೋ ಮೆಟ್ಟುಗತ್ತಿ, ಸೊಪ್ಪು ಕಡಿಯೋ ಕತ್ತಿ ತಟ್ಟೋ ಕುಲುಮೆ ನಿಮ್ಮೂರಲ್ಲಿ ಇನ್ನೂ ಇದ್ದರೆ ಒಂದು ಕೆಲಸ ಮಾಡಿ. ಫೋನ್ ಹೇಗೂ ಕೈಯಲ್ಲೇ ಇರುತ್ತೆ. ಆಚಾರ್ರನ್ನ ಕೇಳಿ, ಅವರು ಒಪ್ಪಿದರೆ ರೆಕಾರ್ಡ್ ಮಾಡ್ಕೊಳ್ಳಿ: ಹದ ಹೇಗೆ ನೋಡ್ತೀರಿ, ನೀರಿಗೆ ಯಾವಾಗ ಹಾಕ್ತೀರಿ, ಯಾರ ಹತ್ತಿರ ಕಲಿತಿರಿ. ಕಾಂಗ್ರೀವ್‌ಗೆ ಇದ್ದು ನಮ್ಮ ಕಮ್ಮಾರರಿಗೆ ಇಲ್ಲದೇ ಹೋದದ್ದು ಬುದ್ಧಿಯಲ್ಲ, ಬರೆದಿಡುವವರು. ಆ ಕೆಲಸಕ್ಕೆ ಈಗ ಇಂಜಿನಿಯರೇ ಆಗಬೇಕಂತಿಲ್ಲ. ಮುಂದಿನ ವಾರ ಸಿಗೋಣ.