ಬಾಗಿಲು ಮುಚ್ಚಿದ ಮೇಲಿನ ಬೆಳಕು

ಶಿವನಸಮುದ್ರದಲ್ಲಿ ಕಾವೇರಿಯಿಂದ ಉತ್ಪಾದಿಸಿದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗಳಿಗೆ; ಬೆಂಗಳೂರಿನ ಬೀದಿಗಳಿಗೆ ಅದು ದೊರೆತದ್ದು 1905ರಲ್ಲಿ. ಆ ಉತ್ಪಾದನೆಗೆ ವರ್ಷವಿಡೀ ನೀರು ಒದಗಿಸುವುದು ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲೊಂದಾಗಿತ್ತು; 1911ರಲ್ಲಿ ಆರಂಭವಾದ ಕಾಮಗಾರಿಯ ಫಲವಾಗಿ ಇಂದಿನ ಪಾಂಡವಪುರ, ಕೃಷ್ಣರಾಜಪೇಟೆ ತಾಲ್ಲೂಕುಗಳ ಹಲವು ಹಳ್ಳಿಗಳು ಮುಳುಗಿದವು. ಹೀಗೆ ಪರರ ಬೆಳಕಿಗಾಗಿ ನೆಲ ಬಿಟ್ಟುಕೊಟ್ಟ ಸೀಮೆಯ ಪೇಟೆಗಳಲ್ಲಿ ಸೀಮೆಎಣ್ಣೆ ಉರಿಯುತ್ತಿದ್ದಷ್ಟು ಕಾಲ ಅಂಗಡಿಯ ದೀಪ ಆರಿಸಿರೆಂದು ಯಾರೂ ಬೋಧಿಸಬೇಕಾಗಿರಲಿಲ್ಲ. ಎಣ್ಣೆಯ ಬೆಲೆಯೇ ಆ ಕೆಲಸ ಮಾಡುತ್ತಿತ್ತು.

ಅಂಗಡಿಯ ಹೊತ್ತಿಗೆ ಕಾನೂನಿನ ಮಿತಿ ಬಂದದ್ದು ಬೇರೆ ದಾರಿಯಿಂದ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961, ಬಾಗಿಲು ತೆರೆಯುವ ಮತ್ತು ಮುಚ್ಚುವ ವೇಳೆಯನ್ನು ನಿಗದಿಪಡಿಸುವ ಅಧಿಕಾರವನ್ನು ಸರ್ಕಾರಕ್ಕೆ ನೀಡಿ, ವಾರದ ರಜೆಯನ್ನು ಕಡ್ಡಾಯಗೊಳಿಸಿತು. ಆದರೆ ಅದು ರಕ್ಷಿಸಿದ್ದು ಕೆಲಸದಾಳಿನ ವಿಶ್ರಾಂತಿಯನ್ನೇ ಹೊರತು ವಿದ್ಯುತ್ತನ್ನಲ್ಲ. ಷಟರ್ ಎಳೆದ ಮೇಲೆ ನಾಮಫಲಕ ಉರಿಯುವುದಕ್ಕೆ ಅದರಲ್ಲಿ ಅಡ್ಡಿಯಿಲ್ಲ. ಮಳೆ ಕೈಕೊಟ್ಟ ವರ್ಷಗಳಲ್ಲಿ ದೀಪ ಆರಿಸುವ ಕೆಲಸವನ್ನು ಲೋಡ್ ಶೆಡ್ಡಿಂಗ್, ಅಂದರೆ ಬೇಡಿಕೆಗಿಂತ ಪೂರೈಕೆ ಕಡಿಮೆಯಾದಾಗ ಸರದಿಯ ಮೇಲೆ ಕರೆಂಟು ತೆಗೆಯುವ ಕ್ರಮ, ಅಂಗಡಿಯವನ ಒಪ್ಪಿಗೆ ಕೇಳದೆಯೇ ಮುಗಿಸಿತು.

ನಲವತ್ತು ವ್ಯಾಟಿನ ನಾಲ್ಕು ಟ್ಯೂಬ್‌ಲೈಟುಗಳ ಫಲಕವೊಂದು ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಉರಿದರೆ ತಿಂಗಳಿಗೆ ಸುಮಾರು 38 ಯೂನಿಟ್ ಖರ್ಚಾಗುತ್ತದೆ, ಅದೂ ವಾಣಿಜ್ಯ ದರದಲ್ಲಿ. ಎಲ್ಇಡಿ ಬಂದ ಮೇಲೆ ಈ ಖರ್ಚು ಇಳಿಯಿತು, ಅದರೊಂದಿಗೆ ಸ್ವಿಚ್ ಆರಿಸುವ ತುರ್ತೂ ಇಳಿಯಿತು. ಕಳ್ಳತನದ ಭಯವಂತೂ ಹುಸಿಯಲ್ಲ; ಆದರೆ ಅದಕ್ಕೆ ಬಾಗಿಲ ಮುಂದಿನ ಒಂದು ದೀಪ ಸಾಕು, ಇಡೀ ಫಲಕ ಬೇಡ. ವಿದ್ಯುತ್ ಜಾಲದ ದೃಷ್ಟಿಯಿಂದ ನೋಡಿದರೆ ಒತ್ತಡ ಹೆಚ್ಚುವುದು ಸಂಜೆ ಆರರಿಂದ ಹತ್ತರೊಳಗೆ. ಕೊಳವೆಬಾವಿಯನ್ನೇ ನೆಚ್ಚಿದ ನಾಗಮಂಗಲದ ಕಡೆಯ ರೈತನಿಗೆ ಪಂಪ್‌ಸೆಟ್ಟಿನ ತ್ರೀ ಫೇಸ್ ಹಲವು ವೇಳೆ ನಡುರಾತ್ರಿ ದೊರೆಯುವುದು ಇದೇ ಕಾರಣಕ್ಕೆ. ಆದ್ದರಿಂದ ಮಧ್ಯರಾತ್ರಿ ಫಲಕ ಆರಿಸಿದರೆ ರಾಜ್ಯದ ಕೊರತೆ ನೀಗುತ್ತದೆಂಬುದು ಉತ್ಪ್ರೇಕ್ಷೆ. ಉಳಿಯುವುದು ಅಂಗಡಿಯವನ ಹಣ, ಜೊತೆಗೆ ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟಿನಂಥ ಪಕ್ಷಿಧಾಮಗಳಿಗೆ ಅಗತ್ಯವಾದ ಕತ್ತಲೆ.

ಫ್ರಾನ್ಸ್ 2013ರ ಜುಲೈನಿಂದ ಅಂಗಡಿ ಗಾಜುಕಿಟಕಿಗಳ ದೀಪಗಳನ್ನು ರಾತ್ರಿ ಒಂದು ಗಂಟೆಯೊಳಗೆ ಆರಿಸಬೇಕೆಂದು ವಿಧಿಸಿತು. ಒಮ್ಮೆ ಫ್ರೆಂಚ್ ರಾಕ್ಸ್ ಎನಿಸಿದ್ದ ಪಾಂಡವಪುರಕ್ಕಾಗಲಿ ನೆರೆಯ ಪೇಟೆಗಳಿಗಾಗಲಿ ಅಂಥ ಕಟ್ಟಳೆ ಬರುವವರೆಗೆ ಕಾಯಬೇಕಾಗಿಲ್ಲ. ಷಟರ್ ಎಳೆಯುವಾಗಲೇ ಫಲಕದ ಸ್ವಿಚ್ಚನ್ನೂ ಆರಿಸುವ ರೂಢಿಯನ್ನು ವರ್ತಕರು ತಮ್ಮತಮ್ಮಲ್ಲೇ ಒಪ್ಪಿ ಆರಂಭಿಸಬಹುದು.